ಹುಲಿ, ಹಂದಿ, ಹಾವು: ಮೃಗಕ್ಕೆ ಮಣಿದ ನಾಡು

ನವರಾತ್ರಿಯ ಒಂದು ಸಂಜೆ. ಮಂಗಳೂರಿನ ಬಂದರಿನ ಬೀದಿ. ಅಡಿಕೆ, ಮೆಣಸು, ಬೆಲ್ಲ, ಒಣಮೀನುಗಳ ವಾಸನೆಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿರುವ ಆ ಇಕ್ಕಟ್ಟಾದ ದಾರಿಯಲ್ಲಿ, ಕೈಗಾಡಿಗೂ ಲಾರಿಗೂ ಜಗಳ ನಡೆದಿರುವ ಹೊತ್ತಿನಲ್ಲಿ, ದೂರದಿಂದ ತಾಸೆಯ ಪೆಟ್ಟು ಕೇಳಿಸಿತು. ಜಗಳ ತಾನಾಗಿ ನಿಂತಿತು. ಲಾರಿಯವನು ಯಂತ್ರವನ್ನು ಆರಿಸಿದ. ಹಳದಿ, ಕಪ್ಪು, ಬಿಳಿ ಪಟ್ಟೆಗಳ ಏಳೆಂಟು ಹುಲಿಗಳು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡವು. ಅಂಗಡಿಯ ಕೊಂಕಣಿ ಧಣಿಗಳೂ, ಎದುರಂಗಡಿಯ ಬ್ಯಾರಿ ಸಾಹುಕಾರರೂ ಒಂದೇ ಸಂಭ್ರಮದಿಂದ ಮೆಟ್ಟಿಲಿಗೆ ಬಂದು ನಿಂತರು. ಒಂದು ಪುಟ್ಟ ಮಗು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿ, ಒಂದೇ ಕಣ್ಣಿನಿಂದ ಹುಲಿಯನ್ನು ನೋಡುತ್ತಿತ್ತು.

ನಾನೂ ಅಡಿಕೆ ಅಂಗಡಿಯೊಂದರ ಜಗಲಿಯಲ್ಲಿ ನಿಂತಿದ್ದೆ. ನನ್ನ ಜೇಬಿನಲ್ಲಿ ಒಂದು ಪತ್ರವಿತ್ತು. ಅಮೆರಿಕೆಯಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬರೆದದ್ದು. ಈ ಲೇಖನಕ್ಕೆ ಆ ಪತ್ರವೇ ಕಾರಣ.

ಹುಡುಗ ಬರೆದಿದ್ದ: "ಸರ್, ಇಲ್ಲಿ ಎರಡು ದಿನಗಳ ಶಿಬಿರವೊಂದಕ್ಕೆ ಹೋಗಿದ್ದೆ. ಕಣ್ಣು ಮುಚ್ಚಿ ಮಲಗಿಸುತ್ತಾರೆ. ಒಬ್ಬರು ಒಂದೇ ಲಯದಲ್ಲಿ ಚರ್ಮವಾದ್ಯವನ್ನು ಬಾರಿಸುತ್ತಾರೆ. ಭೂಮಿಯೊಳಗಿನ ಬಿಲವೊಂದರಲ್ಲಿ ಇಳಿದು ಹೋಗುತ್ತಿರುವಂತೆ ನಾವು ಭಾವಿಸಬೇಕು. ಅಲ್ಲಿ ಎದುರಾಗುವ ಪ್ರಾಣಿಯೇ ನಮ್ಮ ಶಕ್ತಿಪ್ರಾಣಿಯಂತೆ. ನನಗೆ ಕಾಡುಹಂದಿ ಕಾಣಿಸಿತು. ನಾಲ್ಕು ಸಲ! ಅಜ್ಜಿಯ ಮನೆಯಲ್ಲಿ ಪಂಜುರ್ಲಿಗೆ ಕೋಲ ಕೊಡುತ್ತಿದ್ದುದು ನೆನಪಾಯಿತು. ಇದು ಅದೇ ಅಲ್ಲವೇ ಸರ್?"

ನಗುವಂತೆಯೂ ಇಲ್ಲ, ತಳ್ಳಿಹಾಕುವಂತೆಯೂ ಇಲ್ಲ. ಏಳು ಸಮುದ್ರಗಳಾಚೆ ಕುಳಿತ ನಮ್ಮ ಹುಡುಗನೊಬ್ಬ ತನ್ನ ಅಜ್ಜಿಯ ಅಂಗಳವನ್ನು ಪರಕೀಯರ ಶಿಬಿರದಲ್ಲಿ ನೆನೆದುಕೊಂಡನಲ್ಲ! ಅವನಿಗೆ ಉತ್ತರ ಬರೆಯುವ ಮೊದಲು ನಾನೇ ತಿಳಿದುಕೊಳ್ಳಬೇಕಾದದ್ದು ಬಹಳವಿತ್ತು.

ಶಕ್ತಿಪ್ರಾಣಿಯ ಪೂರ್ವೋತ್ತರ

'ಟೋಟೆಂ' ಎಂಬ ಮಾತು ಉತ್ತರ ಅಮೆರಿಕೆಯ ಮಹಾಸರೋವರಗಳ ಬಳಿಯ ಒಜಿಬ್ವೆ ಜನರಿಂದ ಬಂದದ್ದು. ಕೊಕ್ಕರೆಯ ಕುಲ, ಕರಡಿಯ ಕುಲ, ಮೀನಿನ ಕುಲ ಎಂದು ಅವರಲ್ಲಿ ವಿಭಾಗಗಳು. ಒಂದೇ ಕುಲದವರು ಒಡಹುಟ್ಟಿದವರಂತೆ, ಅವರೊಳಗೆ ಮದುವೆಯಿಲ್ಲ. ವ್ಯಾಪಾರಿಯೂ ದುಭಾಷಿಯೂ ಆಗಿದ್ದ ಜಾನ್ ಲಾಂಗ್ ಎಂಬಾತ 1791ರಲ್ಲಿ ಅಚ್ಚು ಹಾಕಿಸಿದ ತನ್ನ ಪ್ರವಾಸಗ್ರಂಥದಲ್ಲಿ ಈ ಶಬ್ದವನ್ನು ಇಂಗ್ಲಿಷಿಗೆ ತಂದ. ಅಲ್ಲಿಂದ ಮುಂದೆ ವಿದ್ವಾಂಸರಿಗೆ ಹಬ್ಬವೋ ಹಬ್ಬ! ಫ್ರೇಜರ್ 1910ರಲ್ಲಿ ನಾಲ್ಕು ಸಂಪುಟಗಳನ್ನು ಬರೆದ. ಡರ್ಕ್‌ಹೈಂ 1912ರಲ್ಲಿ ಮತಧರ್ಮದ ಮೂಲವನ್ನೇ ಅದರಲ್ಲಿ ಕಂಡ. ಮರುವರ್ಷವೇ ಫ್ರಾಯ್ಡ್ ಮನಸ್ಸಿನ ಕತ್ತಲೆಗೆ ಅದನ್ನು ಕೀಲಿಕೈಯಾಗಿ ಮಾಡಿಕೊಂಡ. ಕಡೆಗೆ 1962ರಲ್ಲಿ ಲೆವಿ-ಸ್ಟ್ರೌಸ್ ಎಂಬ ಫ್ರೆಂಚ್ ಪಂಡಿತ, ಪ್ರಾಣಿಗಳನ್ನು ಮನುಷ್ಯ ಆರಿಸಿಕೊಂಡದ್ದು ತಿನ್ನಲು ಯೋಗ್ಯವೆಂದಲ್ಲ, ಅವುಗಳ ಮೂಲಕ ಆಲೋಚಿಸಲು ಯೋಗ್ಯವೆಂದು, ಎಂದು ವಾದಿಸಿದ.

ನಮ್ಮ ಹುಡುಗ ಹೋದ ಶಿಬಿರದ ಪದ್ಧತಿ ಇದಕ್ಕಿಂತ ಬಹಳ ಈಚಿನದು. ಕ್ರೈಸ್ತಧರ್ಮಕ್ಕಿಂತ ಹಿಂದಿನ ಪ್ರಕೃತಿ ಆರಾಧನೆಯನ್ನು ಮತ್ತೆ ತರುತ್ತೇವೆಂಬ ಪಂಥಗಳು ಇಂಗ್ಲೆಂಡಿನಲ್ಲಿ 1950ರ ದಶಕದಲ್ಲಿ ಬಯಲಿಗೆ ಬಂದವು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಬರೆದ ಪುಸ್ತಕ ಅದಕ್ಕೆ ಪ್ರಚಾರ ಕೊಟ್ಟಿತು. ಮೈಕೆಲ್ ಹಾರ್ನರ್ ಎಂಬ ಮಾನವಶಾಸ್ತ್ರಜ್ಞ 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದ್ಯದ ಲಯ, ಬಿಲದ ಪ್ರಯಾಣ, ನಾಲ್ಕು ಸಲ ಕಾಣುವ ಪ್ರಾಣಿ ಎಲ್ಲವೂ ಉಂಟು. ಟೆಡ್ ಆಂಡ್ರೂಸ್ ಎಂಬವರ 1993ರ ಪುಸ್ತಕವಂತೂ ಯಾವ ಪ್ರಾಣಿ ಕಂಡರೆ ಏನು ಅರ್ಥವೆಂದು ನಿಘಂಟಿನಂತೆ ಹೇಳುತ್ತದೆ. ಹೀಗೆ ಕುಲಕ್ಕೆ ಸೇರಿದ್ದ ಪ್ರಾಣಿ ವ್ಯಕ್ತಿಗೆ ಸೇರಿತು; ಹುಟ್ಟಿನಿಂದ ಬರುತ್ತಿದ್ದುದು ಶಿಬಿರದಲ್ಲಿ ದೊರೆಯಿತು.

ಇದನ್ನು ಮೂಲದವರು ಒಪ್ಪಿದರೆ? ಅದೇ 1993ರಲ್ಲಿ ಲಕೋಟ, ಡಕೋಟ, ನಕೋಟ ಜನರ ಪ್ರತಿನಿಧಿಗಳು ಒಟ್ಟುಗೂಡಿ, ತಮ್ಮ ಪವಿತ್ರ ಆಚರಣೆಗಳನ್ನು ಹಣಕ್ಕೆ ಮಾರುವವರ ವಿರುದ್ಧ ಯುದ್ಧವನ್ನೇ ಸಾರುವ ಘೋಷಣೆಯೊಂದನ್ನು ಹೊರಡಿಸಿದರು. ಅವರ ನೋವು ನಮಗೆ ಅರ್ಥವಾಗದ್ದಲ್ಲ. 2022ರಲ್ಲಿ 'ಕಾಂತಾರ' ಚಲನಚಿತ್ರ ಪಂಜುರ್ಲಿಯ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದ ಮೇಲೆ, ಕೆಲವರು ದೈವದ ವೇಷವನ್ನೂ ಕೂಗನ್ನೂ ಕಂಡಕಂಡಲ್ಲಿ ಅನುಕರಿಸತೊಡಗಿದಾಗ ನಮ್ಮ ಜಿಲ್ಲೆಯ ಆರಾಧಕರು ನೊಂದುಕೊಳ್ಳಲಿಲ್ಲವೇ?

ಹೊಲವನ್ನು ಅಗೆದ ಹಂದಿಯೇ ಹೊಲದ ಕಾವಲುಗಾರ

ಇನ್ನು ನಮ್ಮ ಕಡೆಗೆ ಬರೋಣ. ತುಳುನಾಡಿನಲ್ಲಿ 'ಭೂತ' ಎಂದೊಡನೆ ಘಟ್ಟದ ಮೇಲಿನ ವಾಚಕರು ದೆವ್ವವೆಂದು ಬೆಚ್ಚಬಾರದು. ಭೂತವೆಂದರೆ ಇಲ್ಲಿ ದೈವ. ಮನೆಯ, ಗ್ರಾಮದ, ಸೀಮೆಯ ಕಾವಲು ಶಕ್ತಿ. ಕೆಲವು ದೈವಗಳು ಅನ್ಯಾಯಕ್ಕೆ ಬಲಿಯಾಗಿ ಮಡಿದ ಮನುಷ್ಯರು: ಕೋಟಿ-ಚೆನ್ನಯರು, ಕಲ್ಕುಡ-ಕಲ್ಲುರ್ಟಿಯರು. ಬಂದರಿನ ಮೊಗವೀರರು ಕೈಮುಗಿಯುವ ಬೊಬ್ಬರ್ಯ ಕಡಲಿನಲ್ಲಿ ಮಾಯವಾದವನು. ಅವನ ಹುಟ್ಟು ಮುಸಲ್ಮಾನ ವರ್ತಕನ ಮನೆಯದೆಂದು ಕಥನ ಹೇಳುತ್ತದೆ. ಮತ್ತೆ ಕೆಲವು ದೈವಗಳು ಮೃಗಗಳು. 'ಪಂಜಿ' ಎಂದರೆ ತುಳುವಿನಲ್ಲಿ ಹಂದಿ, ಅದರಿಂದ ಪಂಜುರ್ಲಿ. 'ಪಿಲಿ' ಎಂದರೆ ಹುಲಿ, ಅದರಿಂದ ಪಿಲಿಚಾಮುಂಡಿ. ಕೋಣದ ಮೈಸಂದಾಯ, ಎತ್ತಿನ ನಂದಿಗೋಣ. ಇವೆಲ್ಲಕ್ಕಿಂತ ಹಳಬನೆಂಬಂತೆ ಮನೆಮನೆಯ ಬನದಲ್ಲಿ ನಾಗ.

ಈ ಮೃಗಗಳ ಪಟ್ಟಿಯನ್ನು ಒಮ್ಮೆ ಗಮನಿಸಿ. ಇದರಲ್ಲಿ ಚೆಲುವಿಗಾಗಿ ಆರಿಸಿದ ಪ್ರಾಣಿ ಒಂದೂ ಇಲ್ಲ. ನವಿಲಿಲ್ಲ, ಜಿಂಕೆಯಿಲ್ಲ. ಗದ್ದೆಯನ್ನು ಒಂದೇ ರಾತ್ರಿಯಲ್ಲಿ ಅಗೆದು ಹಾಕುವ ಹಂದಿ; ಹಟ್ಟಿಯ ಕರುವನ್ನು ಹೊತ್ತೊಯ್ಯುವ ಹುಲಿ; ಕಾಲಡಿಯಲ್ಲಿ ಸಾವಾಗಿ ಮಲಗಿರುವ ಹಾವು; ಗದ್ದೆಯನ್ನು ಉಳುವ ಕೋಣ, ಎತ್ತು. ಬೇಸಾಯಗಾರನ ಬಾಳನ್ನು ಕೆಡಿಸಬಲ್ಲವು, ಇಲ್ಲವೇ ನಡೆಸಬಲ್ಲವು. ಭಯದ ಸ್ಥಳದಲ್ಲಿಯೇ ಭಕ್ತಿಯನ್ನು ನೆಟ್ಟ ಜನ ನಮ್ಮ ಹಿರಿಯರು.

ದೈವದ ಹುಟ್ಟು-ಬಾಳನ್ನು ಹೇಳುವ ತುಳು ಕಥನಗೀತಕ್ಕೆ ಪಾಡ್ದನವೆಂದು ಹೆಸರು. ಪಂಜುರ್ಲಿಯ ಪಾಡ್ದನದ ಒಂದು ಪಾಠದಂತೆ ಈ ಹಂದಿ ಶಿವನ ಉದ್ಯಾನದಲ್ಲಿ ಬೆಳೆಯಿತು, ಉದ್ಯಾನವನ್ನೇ ಹಾಳುಗೆಡವಿತು. ಶಿವ ಕೋಪಗೊಂಡ. ಪಾರ್ವತಿ ಅಡ್ಡ ಬಂದು ಬೇಡಿಕೊಂಡಳು. ಕಡೆಗೆ ಅದೇ ಹಂದಿ ಭೂಲೋಕಕ್ಕಿಳಿದು ಬೆಳೆಯನ್ನೂ ಬೆಳೆದವರನ್ನೂ ಕಾಯಬೇಕೆಂದು ಅಪ್ಪಣೆಯಾಯಿತು. ಕೆಡಿಸಿದವನಿಗೇ ಕಾವಲಿನ ಕೆಲಸ! ಶಿಕ್ಷೆಯೂ ಹೌದು, ಗೌರವವೂ ಹೌದು. ಕಾರಂತರ 'ಚೋಮನ ದುಡಿ'ಯನ್ನು ಓದಿದವರಿಗೆ ನೆನಪಿರಬಹುದು: ತುಂಡು ಭೂಮಿಯ ಆಸೆಯಿಂದ ಮತಾಂತರಕ್ಕೆ ಹೊರಟ ಚೋಮನನ್ನು ಹಿಂದಕ್ಕೆ ಎಳೆದದ್ದು ಅವನ ಮನೆಯ ಪಂಜುರ್ಲಿಯೇ.

ಪಾಡ್ದನಗಳು ಕಾಗದಕ್ಕೆ ಇಳಿದದ್ದೂ ಮಂಗಳೂರಿನಲ್ಲಿಯೇ. ಬಾಸೆಲ್ ಮಿಷನ್ನಿನ ಪಾದ್ರಿ ಮ್ಯಾನರ್ ಅವುಗಳನ್ನು ಸಂಗ್ರಹಿಸಿ 1886ರಲ್ಲಿ ಮಿಷನ್ನಿನ ಮುದ್ರಣಾಲಯದಿಂದ ಹೊರತಂದರು. ಜಡ್ಜರಾಗಿದ್ದ ಬರ್ನೆಲ್ ಕೂಡಿಸಿದ ಸಾಮಗ್ರಿ ಅವರು ತೀರಿಕೊಂಡ ಮೇಲೆ, 1894ರಿಂದ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚಾಯಿತು. ತಲೆಬರಹದಲ್ಲಿ ಅವರು ಇದನ್ನು ಪಿಶಾಚಾರಾಧನೆಯೆಂದು ಕರೆದರು. ಹೆಸರು ತಪ್ಪಿತು, ಸಂಗ್ರಹ ಉಳಿಯಿತು. ನೂರು ವರ್ಷಗಳ ಮೇಲೆ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರಂಥ ನಮ್ಮವರೇ ಆದ ವಿದ್ವಾಂಸರು ಅದನ್ನು ಒಳಗಿನಿಂದ ಅಭ್ಯಾಸ ಮಾಡಿ ಬರೆದರು.

ಇದು ಟೋಟೆಮ್ಮೇ ಎಂದು ಕೇಳಿದರೆ ಪೂರ್ತಿ ಹೌದೆನ್ನಲಾಗದು. ಮೃಗದ ಹೆಸರನ್ನು ಕುಲಕ್ಕೆ ಇಟ್ಟುಕೊಳ್ಳುವ ಪದ್ಧತಿ ಕನ್ನಡನಾಡಿನಲ್ಲಿ ಬೇರೆ ಉಂಟು. ಕುರುಬರ ಬೆಡಗುಗಳಲ್ಲಿ ಆನೆಯೂ ಇದೆ, ಅರಸಿನವೂ ಜೀರಿಗೆಯೂ ಇವೆ. ಒಂದೇ ಬೆಡಗಿನೊಳಗೆ ಹೆಣ್ಣು ತರುವಂತಿಲ್ಲ. ತುಳುವರಲ್ಲಿ ತಾಯಿಯ ಕಡೆಯಿಂದ ಬರುವ 'ಬರಿ'ಗೂ ಇದೇ ಕಟ್ಟು. ಆದರೆ ಪಂಜುರ್ಲಿ ಯಾರಿಗೂ ಮೂಲಪುರುಷನಲ್ಲ. ಆತ ಮಣ್ಣಿನೊಡನೆ ಬಂದವನು. ಹೊಲ, ಮನೆ, ಗ್ರಾಮ ಯಾರ ಪಾಲಿಗೆ ಬಂದಿತೋ ಅವರ ಪಾಲಿಗೆ ದೈವದ ಋಣವೂ ಬಂದಿತು.

ಒಂದು ರಾತ್ರಿಯ ದೇವರು

ಹಳ್ಳಿಯ ನೇಮವೊಂದನ್ನು ನೋಡಿದವರಿಗೆ ಮೃಗದ ಈ ಸಂಬಂಧ ಎಷ್ಟು ಕಟ್ಟುನಿಟ್ಟಿನದೆಂದು ಗೊತ್ತು. ಭಂಡಾರದ ಮನೆಯಿಂದ ದೈವದ ಮೊಗ, ಕಡ್ಸಲೆ, ಆಭರಣಗಳು ಮೆರವಣಿಗೆಯಲ್ಲಿ ಬರುತ್ತವೆ. ದೈವ ಕಟ್ಟುವವನಿಗೆ ಎಣ್ಣೆಬೂಳ್ಯ ಕೊಡುತ್ತಾರೆ. ಎಣ್ಣೆ-ವೀಳ್ಯ ಹಿಡಿದ ಆ ಗಳಿಗೆಯಿಂದ ಆತ ಬರಿಯ ಮನುಷ್ಯನಲ್ಲ. ಮುಖಕ್ಕೆ ಅರದಾಳದ ಹಳದಿ ಏರುತ್ತದೆ. ಅವನ ಮನೆಯ ಹೆಣ್ಣುಮಗಳು ತೆಂಬರೆಯನ್ನು ಬಡಿಯುತ್ತ ಪಾಡ್ದನ ಹೇಳುತ್ತಾಳೆ. ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ, ಕಾಲಿಗೆ ಗಗ್ಗರ, ಬೆನ್ನಿಗೆ ಆಳೆತ್ತರದ ಅಣಿ. ಹಂದಿಯ ಮೂತಿಯ ಲೋಹದ ಮೊಗವನ್ನು ಧರಿಸಿ ಆತ ಹೂಂಕರಿಸಿದಾಗ, ಆ ಬೆಂಕಿಯ ಬೆಳಕಿನಲ್ಲಿ, ತರ್ಕಶಾಸ್ತ್ರವನ್ನು ಪಾಠ ಹೇಳುವವನ ಮೈಯೂ ಜುಮ್ಮೆನ್ನದಿರದು.

ಆಮೇಲೆ ನುಡಿ. ಊರಿನ ಮನೆತನಗಳನ್ನು ಅವುಗಳ ಹೆಸರಿನಿಂದ, ಅವುಗಳ ಅನುಕ್ರಮದಿಂದ ದೈವ ಕರೆಯುತ್ತದೆ. ಕರೆದವರು ಅಲ್ಲಿ ನಿಂತು ಓಗೊಡಬೇಕು. ಅಣ್ಣ-ತಮ್ಮಂದಿರ ಪಾಲಿನ ಜಗಳ, ಬೇಲಿಯ ತಕರಾರು, ಕೊಟ್ಟ ಮಾತಿಗೆ ತಪ್ಪಿದ ದೂರು ಎಲ್ಲವೂ ಆ ಅಂಗಳದಲ್ಲಿ ವಿಚಾರಣೆಗೆ ಬರುತ್ತವೆ. ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಪಿಲಿಕೋಲದಲ್ಲಂತೂ ಹುಲಿಯಾದವನು ಜನರನ್ನು ಬೆನ್ನಟ್ಟುತ್ತಾನೆ. ಅವನು ಮುಟ್ಟಿದರೆ ಕೇಡೆಂದು ನಂಬಿ ಜನ ಚದುರಿ ಓಡುತ್ತಾರೆ. ಮೃಗ ಇಲ್ಲಿ ಸಮಾಧಾನ ಹೇಳುವ ಗೆಳೆಯನಲ್ಲ. ಲೆಕ್ಕ ಕೇಳುವ ಯಜಮಾನ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಷ್ಟೇ ಹೇಳಿದಂತಾದೀತು. ದೈವ ಕಟ್ಟುವವರು ಯಾರು? ನಲಿಕೆ, ಪರವ, ಪಂಬದ ಜಾತಿಗಳವರು. ರಾತ್ರಿ ಯಾರ ಮುಂದೆ ಗುತ್ತಿನ ಯಜಮಾನ ತಲೆಬಾಗಿದನೋ, ಬೆಳಗಾದ ಮೇಲೆ ಅದೇ ಯಜಮಾನನ ಜಗಲಿಯನ್ನು ಏರದೆ ಅಂಗಳದಲ್ಲೇ ನಿಲ್ಲಬೇಕಾಗಿದ್ದ ಕಾಲವೊಂದಿತ್ತು. ಅದು ಎಲ್ಲೆಡೆಯೂ ಅಳಿದಿದೆಯೆಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ.

ಹಿಂದೊಮ್ಮೆ ನೇಮ ಮುಗಿದ ಬೆಳಗ್ಗೆ, ಮುಖದ ಬಣ್ಣವನ್ನು ತೆಂಗಿನೆಣ್ಣೆಯಿಂದ ಒರೆಸುತ್ತಿದ್ದ ಹಿರಿಯರೊಬ್ಬರ ಬಳಿ ಕುಳಿತಿದ್ದೆ. ಕಣ್ಣು ಕೆಂಪಗಿತ್ತು, ಕಾಲಲ್ಲಿ ಗಗ್ಗರ ಉಜ್ಜಿದ ಗಾಯ. ಮಗ ಈ ಕಾಯಕವನ್ನು ಕಲಿಯುವನೇ ಎಂದು ಕೇಳಿದೆ. "ಅವನಿಗೆ ಬರ್ತದೆ ಮಾಸ್ಟ್ರೇ, ನನಗಿಂತ ಚೆಂದ ಬರ್ತದೆ. ಆದರೆ ರಾತ್ರಿ ಕೊಟ್ಟ ಮರ್ಯಾದೆ ಬೆಳಗ್ಗೆಯೂ ಉಂಟಾ ಅಂತ ಅವನು ಕೇಳ್ತಾನೆ. ನಾನು ಎಂತ ಹೇಳಲಿ?" ಎಂದರು. ನನ್ನಲ್ಲೂ ಉತ್ತರವಿರಲಿಲ್ಲ. ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿಗಳ ಮಾಸಾಶನವನ್ನು ರಾಜ್ಯ ಸರ್ಕಾರ 2022ರ ಅಕ್ಟೋಬರದಲ್ಲಿ ಘೋಷಿಸಿತು. ಒಳ್ಳೆಯದೇ. ಆದರೆ ಆ ಮಗ ಕೇಳಿದ್ದು ಹಣವನ್ನಲ್ಲ.

ಬನ ಹೋದ ಮೇಲೆ

ಇನ್ನೊಂದು ಮಾತು. ದೈವವಾದ ಮೃಗ ಉಳಿದಿದೆ. ಮೃಗಕ್ಕೆ ಮನೆಯಾದ ಕಾಡು? ಮಂಗಳೂರಿನ ಸುತ್ತ ಹುಲಿಯ ಹೆಸರು ಉಳಿದಿರುವುದು ದೈವದಲ್ಲಿ, ನವರಾತ್ರಿಯ ಬಣ್ಣದಲ್ಲಿ. ನಾಗನ ಸ್ಥಿತಿ ಇನ್ನೂ ಸೋಜಿಗದ್ದು. ಬನವೆಂದರೆ ಹಿಂದೆ ನಿಜವಾಗಿಯೂ ಬನ: ಕತ್ತಿ ತಾಗದ ಮರಗಳು, ಹೆಣೆದುಕೊಂಡ ಬಳ್ಳಿಗಳು, ಅಡಿಯಲ್ಲಿ ಹುತ್ತ, ಕೊಳೆತ ಎಲೆಯ ತಂಪು. ನಾಗರ ಪಂಚಮಿಯಂದು ಕುಟುಂಬದವರೆಲ್ಲ ಎಲ್ಲಿದ್ದರೂ ಮೂಲಸ್ಥಾನಕ್ಕೆ ಬಂದು ಹಾಲು, ಎಳನೀರುಗಳ ತನು ಎರೆಯುವುದು ಇಂದಿಗೂ ನಡೆದಿದೆ. ಆದರೆ ಅನೇಕ ಕಡೆ, ಪೇಟೆಯೊಳಗಂತೂ, ಮರಗಳನ್ನು ಕಡಿದು ಸಿಮೆಂಟಿನ ಕಟ್ಟೆ ಕಟ್ಟಿಸಿ, ನುಣುಪಾದ ಹಾಸುಗಲ್ಲು ಹಾಸಿಸಿ, ಅದರ ಮೇಲೆ ಕಲ್ಲಿನ ನಾಗನನ್ನು ಕೂರಿಸಿದ್ದೇವೆ. ಜೀರ್ಣೋದ್ಧಾರವೆಂದು ಫಲಕವನ್ನೂ ಹಾಕಿದ್ದೇವೆ. ಕಲ್ಲಿನ ನಾಗನಿಗೆ ನೆರಳು ಬೇಡ. ಜೀವಂತ ನಾಗ ಎಲ್ಲಿಗೆ ಹೋಗಬೇಕು? ಶಿಬಿರದಲ್ಲಿ ಪ್ರಾಣಿಯನ್ನು ಕಂಡ ಪರದೇಶದವರನ್ನು ನೋಡಿ ನಗುವ ಮೊದಲು, ಪ್ರಾಣಿಯನ್ನು ಕಲ್ಲಾಗಿಸಿ ಕಾಡನ್ನು ಕಡಿದ ನಾವು ನಮ್ಮನ್ನೇ ಒಮ್ಮೆ ನೋಡಿಕೊಳ್ಳಬೇಕು.

ಹುಲಿಯ ಬಣ್ಣ, ಮನುಷ್ಯನ ಮೈ

ಬಂದರಿನ ಬೀದಿಯಲ್ಲಿ ಹುಲಿಗಳು ಈಗ ನಮ್ಮ ಜಗಲಿಯೆದುರಿಗೇ ಬಂದಿದ್ದವು. ಹುಲಿವೇಷವೆಂದರೆ ಬರಿಯ ಮೋಜೆಂದು ತಿಳಿದವರುಂಟು. ಆದರೆ ರೋಗ ವಾಸಿಯಾಗಲೆಂದು, ಮಗು ಬದುಕಲೆಂದು ಮಂಗಳಾದೇವಿಗೆ ಹರಕೆ ಹೊತ್ತು ಹುಲಿಯಾಗುವವರು ಎಷ್ಟೋ ಮಂದಿ. ವೇಷ ತೊಡುವ ಮುನ್ನ ಊದುಪೂಜೆ. ಆಮೇಲೆ ಬಣ್ಣ: ಕೈಗಳನ್ನು ಚಾಚಿ ಕೋಲಿನ ಮೇಲೆ ಆನಿಸಿಕೊಂಡು ಗಂಟೆಗಟ್ಟಲೆ ನಿಲ್ಲಬೇಕು, ಒಣಗುವ ತನಕ ಕೂರುವಂತಿಲ್ಲ. ಮೈಯ ರಂಧ್ರಗಳೆಲ್ಲ ಮುಚ್ಚಿ ಉರಿ ಹೊತ್ತಿಕೊಳ್ಳುತ್ತದೆ. ಕುಣಿತ ಮುಗಿದ ಮೇಲೆ ಆ ಬಣ್ಣವನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆಯುವ ಕಷ್ಟ ಇನ್ನೊಂದು. ಅಕ್ಕಿಯ ಮುಡಿಯನ್ನು ಹಲ್ಲಿನಿಂದ ಕಚ್ಚಿ ಹಿಂದಕ್ಕೆ ಎಸೆಯುವ ಆ ತರುಣನನ್ನು ನೋಡಿದಾಗ, ಪ್ರಾಣಿಯಾಗಲು ಮನುಷ್ಯ ತೆರುವ ಬೆಲೆ ಕಣ್ಣಿಗೆ ಕಾಣುತ್ತದೆ.

ಅಂಗಡಿಯ ಶೆಟ್ಟರು ಎಂಬತ್ತರ ಸಮೀಪದವರು. ಹುಲಿಗೆ ನೋಟು ಕೊಟ್ಟು ಬಂದು ಗಲ್ಲದ ಮುಂದೆ ಕುಳಿತರು. ನಾನು ಪತ್ರವನ್ನು ಅವರಿಗೆ ಓದಿ ಹೇಳಿದೆ. ನಗುವರೆಂದು ತಿಳಿದಿದ್ದೆ; ನಗಲಿಲ್ಲ.

"ಹಂದಿ ಕಂಡದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ ಮಾಸ್ಟ್ರೇ. ಅದು ಎಲ್ಲಿ ಬೇಕಾದರೂ ಕಾಣಬಹುದು. ಆ ಹುಡುಗನ ಅಜ್ಜಿಮನೆ ಈಗ ಯಾರ ಕೈಯಲ್ಲಿ ಉಂಟು?"

"ಪಾಲಾಗಿ, ಅವನ ತಾಯಿಯ ಪಾಲನ್ನು ಮಾರಿದ್ದಾರಂತೆ ಶೆಟ್ರೇ. ನೇಮಕ್ಕೆ ಅವನು ಬಂದು ಹತ್ತು ವರ್ಷವಾಯಿತಂತೆ."

"ಹಾಗಾದರೆ ಅರ್ಥ ಕೇಳಲಿಕ್ಕೆ ಎಂತ ಉಂಟು ಮಾರಾಯ್ರೇ? ಹತ್ತು ವರ್ಷ ಬಾರದವನನ್ನು ಹುಡುಕಿಕೊಂಡು ಬಂದದ್ದಿರಬೇಕು."

ಅಂದಿನ ರಾತ್ರಿಯೇ ಹುಡುಗನಿಗೆ ಉತ್ತರ ಬರೆದೆ. ಟೋಟೆಂ, ಫ್ರೇಜರ್ ಇತ್ಯಾದಿಗಳನ್ನೆಲ್ಲ ಮೊದಲು ಬರೆದು, ಕಡೆಗೆ ಹೊಡೆದುಹಾಕಿದೆ. ಇಷ್ಟನ್ನೇ ಉಳಿಸಿದೆ: "ನೀನು ಕಂಡದ್ದು ನಿನ್ನದು, ಅದರ ಬಗ್ಗೆ ತೀರ್ಪು ಹೇಳಲು ನಾನು ಯಾರು? ಆದರೆ ಪಂಜುರ್ಲಿ ಒಬ್ಬನಿಗಾಗಿ ಬರುವವನಲ್ಲ. ಅವನ ಜೊತೆಗೆ ಒಂದು ಗದ್ದೆ ಉಂಟು, ಒಂದು ಕುಟುಂಬ ಉಂಟು, ರಾತ್ರಿಯಿಡೀ ಅವನನ್ನು ಮೈಮೇಲೆ ಹೊರುವ ಒಬ್ಬ ಬಡ ಮನುಷ್ಯ ಉಂಟು. ಹಂದಿಯನ್ನು ಒಪ್ಪಿಕೊಂಡರೆ ಇವರೆಲ್ಲರನ್ನೂ ಒಪ್ಪಿಕೊಳ್ಳಬೇಕಾದೀತು."

ವಾರದೊಳಗೆ ಮರುಪತ್ರ ಬಂದಿತು. ರಜೆ ಸಿಗುವುದು ಕಷ್ಟ. ಈ ಸಲದ ನೇಮಕ್ಕೆ ಹಣ ಕಳುಹಿಸಿದರೆ ಸಾಲದೇ, ಎಂದು ಕೇಳಿದ್ದ. ಮತ್ತೆ ಬಂದರಿಗೆ ಹೋದೆ. ನವರಾತ್ರಿ ಮುಗಿದಿತ್ತು. ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗೆ ಸಾಮಾನು ಏರಿಸುತ್ತಿದ್ದರು. ಶೆಟ್ಟರು ಪತ್ರದ ಸಾರವನ್ನು ಕೇಳಿ, ತೂಕದ ತಟ್ಟೆಯಲ್ಲಿದ್ದ ಅಡಿಕೆಯೊಂದನ್ನು ಎತ್ತಿ, ತಿರುಗಿಸಿ ನೋಡಿ, ಮೆಲ್ಲಗೆ ಹೇಳಿದರು:

"ಕಳುಹಿಸಲಿ. ಹಣ ಬೇಡ ಅಂತ ಅಲ್ಲ. ಆದರೆ ನೇಮದ ದಿನ ದೈವ ಮನೆತನದ ಹೆಸರು ಹಿಡಿದು ಕರೆಯುವಾಗ, ಅಲ್ಲಿ ನಿಂತು 'ಇದ್ದೇನೆ' ಅಂತ ಹೇಳಲಿಕ್ಕೆ ಹಣಕ್ಕೆ ಬಾಯಿ ಉಂಟಾ ಮಾಸ್ಟ್ರೇ?"

ಈ ಮಾತನ್ನು ಹುಡುಗನಿಗೆ ಇನ್ನೂ ಬರೆದಿಲ್ಲ. ನನ್ನ ಮೂಲಸ್ಥಾನದ ಬನಕ್ಕೆ ನಾನು ಹೋಗಿ ಎಷ್ಟು ವರ್ಷಗಳಾದವೆಂದು ಮೊದಲು ಲೆಕ್ಕ ಹಾಕಿಕೊಳ್ಳುತ್ತಿದ್ದೇನೆ.